ಕಾಡು ಸೇರಿದ ಪಾದರಸ: ಪತ್ತೆ ಹಚ್ಚುವುದು ಹೇಗೆ?

ಪಾದರಸ ಹುಡುಕುವುದೆಂದರೆ ಮೊದಲು ಗುದ್ದಲಿ ನೆನಪಾಗುತ್ತದೆ. ಅದರ ಸರದಿ ಕೊನೆಗೆ. ಕಾಡಿಗೆ ಪಾದರಸ ಹೆಚ್ಚಾಗಿ ಬರುವುದು ಗಾಳಿಯಲ್ಲಿ, ಆವಿಯಾಗಿ. ಎಲೆಗಳ ರಂಧ್ರಗಳು ಅದನ್ನು ಒಳಗೆಳೆದುಕೊಳ್ಳುತ್ತವೆ. ಬೇರು ಮಣ್ಣಿನಿಂದ ಹೀರಿ ಮೇಲೆ ಕಳಿಸುವುದು ತೀರಾ ಕಡಿಮೆ. ಎಲೆ ಉದುರಿದಾಗ ಪಾದರಸವೂ ನೆಲಕ್ಕಿಳಿಯುತ್ತದೆ. ಹಾಗಾಗಿ ಹುಡುಕಾಟವೂ ಮೇಲಿನಿಂದ ಕೆಳಕ್ಕೆ.

ತಮಿಳುನಾಡಿನ ಕೊಡೈಕನಾಲ್‌ನಲ್ಲಿ ಹಿಂದೂಸ್ತಾನ್ ಲಿವರ್‌ನ ಥರ್ಮಾಮೀಟರ್ ಕಾರ್ಖಾನೆ ಪಾಂಬಾರ್ ಶೋಲಾ ಕಾಡಿನ ನೆತ್ತಿಯಲ್ಲಿತ್ತು. ಪಾದರಸ ಅಂಟಿದ ಗಾಜಿನ ಚೂರುಗಳು ಗುಜರಿಯಲ್ಲಿ ಸಿಕ್ಕಿ ಗಲಾಟೆಯಾದ ಮೇಲೆ, 2001ರ ಮಾರ್ಚ್‌ನಲ್ಲಿ ಅದು ಮುಚ್ಚಿತು. ಸುತ್ತಲಿನ ಮಾಲಿನ್ಯ ಅಳೆಯಲು ಹೈದರಾಬಾದಿನ ವಿಜ್ಞಾನಿಗಳು ಆರಿಸಿಕೊಂಡದ್ದು ಕಲ್ಲುಹೂವು ಮತ್ತು ಹಾವಸೆಯನ್ನು.

ಮೊದಲ ಹೆಜ್ಜೆಯೂ ಅದೇ: ಅರಣ್ಯ ಇಲಾಖೆಯ ಅನುಮತಿ ಪಡೆದು, ಮರದ ತೊಗಟೆಯ ಮೇಲಿನ ಕಲ್ಲುಹೂವು ಕೀಳಿ. ನಾವು ಮಸಾಲೆಗೆ ಹಾಕುತ್ತೇವಲ್ಲ, ಅದರ ಬಳಗವೇ. ಇದಕ್ಕೆ ಬೇರಿಲ್ಲ, ಮೈಯಲ್ಲಿರುವುದೆಲ್ಲ ಬಹುಪಾಲು ಗಾಳಿ ಮಳೆಯದ್ದು. ಅದೇ ಜಾತಿಯದನ್ನು ದೂರದ, ಶುದ್ಧ ಜಾಗದಿಂದಲೂ ತನ್ನಿ. ಹೋಲಿಕೆಗೆ ಅದಿಲ್ಲದಿದ್ದರೆ ಬಂದ ಅಂಕಿಗೆ ಅರ್ಥವಿಲ್ಲ.

ಆಮೇಲೆ ಹಸಿ ಎಲೆ, ತರಗೆಲೆ. ಬೇರೆ ಬೇರೆ ಚೀಲ, ಪ್ರತಿ ಸಲ ಹೊಸ ಕೈಗವಸು.

ಮಣ್ಣಿನಲ್ಲೇ ಎಡವುವುದು ಹೆಚ್ಚು. ಕೊಳೆತ ಎಲೆಯ ಕಪ್ಪು ಮಣ್ಣಿನಲ್ಲಿರುವ ಗಂಧಕಕ್ಕೆ ಪಾದರಸ ಬಿಗಿಯಾಗಿ ಅಂಟಿಕೊಳ್ಳುತ್ತದೆ. ತರಗೆಲೆ ಸರಿಸಿ ಈ ಮೇಲ್ಪದರವನ್ನಷ್ಟೇ ಕೆರೆದು ತೆಗೆಯಿರಿ, ಕೆಳಗಿನ ಮಣ್ಣು ಪ್ರತ್ಯೇಕವಿರಲಿ. ಒಂದಡಿ ಆಳದ ಮಣ್ಣನ್ನೆಲ್ಲ ಕಲಸಿ ತುಂಬಿದರೆ ಮೇಲಿನ ವಿಷ ಅದರಲ್ಲಿ ಕರಗಿಹೋಗುತ್ತದೆ. ವರದಿ ಚೆಂದ ಕಾಣಲಿ ಎನ್ನುವವರಿಗೆ ಅದೇ ಅನುಕೂಲ!

ಮಾದರಿಗಳನ್ನು ಬಿಸಿ ಒಲೆಯಲ್ಲಿ ಒಣಗಿಸಬೇಡಿ, ಪಾದರಸ ಹಾರಿಹೋದೀತು. ಪ್ರಯೋಗಾಲಯದಲ್ಲಿ ಹೆಪ್ಪುಗಟ್ಟಿಸಿ ಒಣಗಿಸುತ್ತಾರೆ. ಆಮೇಲೆ ಯಂತ್ರ ಅದನ್ನು ಸುಡುತ್ತದೆ; ಎದ್ದ ಪಾದರಸದ ಆವಿಯನ್ನು ಚಿನ್ನ ಹಿಡಿದಿಡುತ್ತದೆ. ಚಿನ್ನವನ್ನು ಮತ್ತೆ ಕಾಯಿಸಿದಾಗ ಬಿಡುಗಡೆಯಾಗುವ ಆವಿ 253.7 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರಿತು ಎಂಬುದೇ ಲೆಕ್ಕ.

ಮರದ ವರ್ಷದುಂಗುರಗಳಲ್ಲೂ ಹಳೆಯ ಪಾದರಸ ಓದಬಹುದು. ಆದರೆ ಅದು ಉಂಗುರದಿಂದ ಉಂಗುರಕ್ಕೆ ಸ್ವಲ್ಪ ಜರುಗುವುದುಂಟು. ಇಸವಿ ಕರಾರುವಾಕ್ಕಾಗಿ ಹೇಳುವವರನ್ನು ನಂಬಬೇಡಿ.

ವರದಿ ಕೈಗೆ ಬಂದಾಗ ಒಣತೂಕದ ಲೆಕ್ಕವೇ, ಯಾವ ಆಳದ್ದು ಎಂದು ನೋಡಿ. ಕೊಡೈಕನಾಲ್ ಕಾರ್ಖಾನೆಯ ಮಣ್ಣಿನಲ್ಲಿರುವ ಪಾದರಸವನ್ನು ಕೆಜಿಗೆ 20 ಮಿಲಿಗ್ರಾಂಗೆ ಇಳಿಸಿದರೆ ಸಾಕೆಂದಾಗ ಪರಿಸರ ಕಾರ್ಯಕರ್ತರು ತಕರಾರು ತೆಗೆದರು. ಮಳೆನೀರು ಹರಿದಿಳಿಯುವುದು ಶೋಲಾಕ್ಕೆ ತಾನೆ? ತೊರೆಯ ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ಪಾದರಸವಾಗಿಸುತ್ತವೆ, ಮೀನಿನ ಮೈಗೆ ಏರುವುದು ಅದು. ಒಟ್ಟು ಪಾದರಸದ ಪರೀಕ್ಷೆಯಲ್ಲಿ ಅದು ಬೇರೆಯಾಗಿ ಕಾಣದು. ಪ್ರತ್ಯೇಕ ಪರೀಕ್ಷೆಯನ್ನೇ ಕೇಳಿ ಮಾಡಿಸಬೇಕು.