ಮಳೆಗಾಲದಲ್ಲಿ ವಿಡಿಯೊದಲ್ಲೇ ಇತಿಹಾಸ ಪ್ರವಾಸ ಮಾಡಿಸುವ ಶಿಕ್ಷಕರಿಗೆ

ಮಳೆ ಹಿಡಿದರೆ ನಮ್ಮ ಕಡೆ ಶಾಲಾ ಪ್ರವಾಸ ಕಷ್ಟ ಅಲ್ವಾ? ಕವಲೇದುರ್ಗ ಕೋಟೆಯ ಕಲ್ಲುಹಾದಿ ಜಾರುತ್ತದೆ. ಆಗ ವಿಡಿಯೊ ಪ್ರವಾಸ ಮಾಡಿಸಿ. ಆದರೆ ಸುಮ್ನೆ ವಿಡಿಯೊ ಹಾಕಿ ಕೂರಿಸಬೇಡಿ.

ಒಂದು ಸಲಕ್ಕೆ ಒಂದೇ ಜಾಗ ಸಾಕು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಿಂದ ಶುರು ಮಾಡಬಹುದು. ಮೊದಲು ಕಥೆ ಹೇಳಿ. ಮಯೂರಶರ್ಮ ಓದಲು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ಓದು ಬಿಟ್ಟು ಕತ್ತಿ ಹಿಡಿದ, ಕದಂಬ ರಾಜ್ಯ ಕಟ್ಟಿದ. ಇದನ್ನೆಲ್ಲ ಹೇಳುವುದು ತಾಳಗುಂದದ ಕಂಬದ ಶಾಸನ. ವಿಡಿಯೊದಲ್ಲಿ ಕಂಬ ಬಂದ ಕೂಡಲೇ ನಿಲ್ಲಿಸಿ, ಅಕ್ಷರಗಳನ್ನು ದೊಡ್ಡದು ಮಾಡಿ ತೋರಿಸಿ. ಯಾವ ಭಾಷೆ ಅಂತ ಮಕ್ಕಳೇ ಊಹಿಸಲಿ. ಅದು ಸಂಸ್ಕೃತ, ಲಿಪಿ ಬ್ರಾಹ್ಮಿಯಿಂದ ಬೆಳೆದು ಬಂದದ್ದು. ಪ್ರತಿಯೊಬ್ಬರೂ ಒಂದೊಂದು ಅಕ್ಷರವನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಲಿ. ಕೈಯಲ್ಲಿ ಬರೆದರೆ ಕಣ್ಣು ಜಾಸ್ತಿ ಗಮನ ಕೊಡುತ್ತದೆ.

ನೆಟ್‌ವರ್ಕ್, ಕರೆಂಟ್ ಎರಡನ್ನೂ ನಂಬಬೇಡಿ. ಹಿಂದಿನ ದಿನವೇ ಡೌನ್‌ಲೋಡ್ ಮಾಡಿ, ಲ್ಯಾಪ್‌ಟಾಪ್ ಚಾರ್ಜ್ ಮಾಡಿಡಿ. ಶಾಲೆಗೆ ಶೀಟಿನ ಛಾವಣಿ ಇದ್ದರೆ ಮಳೆ ಸದ್ದಿಗೆ ವಿಡಿಯೊ ಧ್ವನಿ ಕೇಳುವುದಿಲ್ಲ. ಮ್ಯೂಟ್ ಮಾಡಿ ನೀವೇ ವಿವರಿಸಿ, ಅದೇ ಚೆನ್ನ.

ಕೆಳದಿಯಲ್ಲಿ ಪರಿಚಯದವರಿದ್ದರೆ ವಿಡಿಯೊ ಕಾಲ್ ಮಾಡಿಸಿ. ಅಲ್ಲಿನ ರಾಮೇಶ್ವರ ದೇವಸ್ಥಾನದ ಛಾವಣಿಯಲ್ಲಿ ಗಂಡಭೇರುಂಡದ ಕೆತ್ತನೆ ಇದೆ. ಫೋನ್ ಅಡ್ಡ ಹಿಡಿದು, ನಿಧಾನವಾಗಿ ಮೇಲಕ್ಕೆ ತಿರುಗಿಸಲು ಹೇಳಿ. ಮಕ್ಕಳ ಪ್ರಶ್ನೆಗಳನ್ನು ಅವರಿಗೆ ಮೊದಲೇ ಕಳಿಸಿ.