ಡ್ರಮ್ ಮಷೀನ್‌ನ ಸ್ಟೀರಿಯೋ ಕೆಡದ ಹಾಗೆ ರೆಕಾರ್ಡ್ ಮಾಡುವುದು ಹೇಗೆ?

ಹೆಡ್‌ಫೋನ್‌ನಲ್ಲಿ ಕೇಳುವಾಗ ಹೈಹ್ಯಾಟ್ ಒಂದು ಕಡೆ, ಟಾಮ್‌ಗಳು ಇನ್ನೊಂದು ಕಡೆ, ಎಷ್ಟು ಚೆನ್ನಾಗಿ ಹರಡಿಕೊಂಡಿರುತ್ತವೆ ಅಲ್ವಾ? ಅದೇ ಬೀಟನ್ನು ಪೋರ್ಟಬಲ್ ಮಲ್ಟಿಟ್ರ್ಯಾಕ್ ರೆಕಾರ್ಡರ್‌ಗೆ (ಒಂದೊಂದು ಸದ್ದನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಹಿಡಿದಿಡುವ ಯಂತ್ರ) ಹಾಕಿದ ಮೇಲೆ ಎಲ್ಲವೂ ಮಧ್ಯದಲ್ಲೇ ಮುದ್ದೆಯಾಗಿ ಕೂತಿರುತ್ತದೆ. ಸ್ಟೀರಿಯೋ ಅಂದರೆ ಎಡಕ್ಕೊಂದು, ಬಲಕ್ಕೊಂದು, ಹೀಗೆ ಎರಡು ಬೇರೆ ಬೇರೆ ಮೋನೋ (ಒಂಟಿ) ಸಿಗ್ನಲ್. ದಾರಿಯಲ್ಲಿ ಎಲ್ಲೂ ಅವು ಬೆರೆಯಬಾರದು, ಅಷ್ಟೇ.

ಮೊದಲು ಕೇಬಲ್. 6.3 ಮಿ.ಮೀ. ಜಾಕ್ ಇರುವ ಎರಡು ಮೋನೋ ಕೇಬಲ್ ಬೇಕು. ಎಡದ ಔಟ್‌ಪುಟ್ ಮೊದಲನೇ ಇನ್‌ಪುಟ್‌ಗೆ, ಬಲದ್ದು ಎರಡನೆಯದಕ್ಕೆ. ಎಷ್ಟೋ ಮಷೀನ್‌ಗಳಲ್ಲಿ ಎಡದ ಜಾಕ್ ಪಕ್ಕ ಮೋನೋ ಅಂತಲೂ ಬರೆದಿರುತ್ತದೆ, ಅದೊಂದಕ್ಕೇ ಕೇಬಲ್ ಚುಚ್ಚಿದರೆ ಮಷೀನೇ ಎರಡನ್ನೂ ಬೆರೆಸಿ ಕಳಿಸುತ್ತದೆ.

ಒಂದು ಸಲ ನಾನು ಹೆಡ್‌ಫೋನ್ ಔಟ್‌ನಿಂದ ಒಂದೇ ಸ್ಟೀರಿಯೋ ಕೇಬಲ್ ತೆಗೆದು ರೆಕಾರ್ಡರ್‌ನ ಬ್ಯಾಲೆನ್ಸ್‌ಡ್ ಇನ್‌ಪುಟ್‌ಗೆ ಹಾಕಿದ್ದೆ. ಪ್ಲೇ ಮಾಡಿದರೆ ಕಿಕ್ಕೂ ಇಲ್ಲ, ಸ್ನೇರೂ ಇಲ್ಲ! ಬದಿಯಲ್ಲಿದ್ದ ಹೈಹ್ಯಾಟ್ ಮಾತ್ರ ತೆಳ್ಳಗೆ ಕೇಳುತ್ತಿತ್ತು. ಅಂಥ ಇನ್‌ಪುಟ್ ಒಂದು ತಂತಿಯ ಸಿಗ್ನಲ್‌ನಿಂದ ಇನ್ನೊಂದರದ್ದನ್ನು ಕಳೆಯುತ್ತದೆ, ಹಾಗಾಗಿ ಎರಡೂ ಕಡೆ ಒಂದೇ ಸಮ ಇರುವ ಮಧ್ಯದ ಸದ್ದೆಲ್ಲ ಅಳಿಸಿಹೋಗುತ್ತದೆ. ಹೆಡ್‌ಫೋನ್ ಔಟ್ ಮಾತ್ರವೇ ಇದ್ದರೆ ಒಂದು ತುದಿಯಲ್ಲಿ ಸ್ಟೀರಿಯೋ, ಇನ್ನೊಂದರಲ್ಲಿ ಎರಡು ಮೋನೋ ಪ್ಲಗ್ ಇರುವ ವೈ ಕೇಬಲ್ ಬಳಸಿ.

ಇನ್‌ಪುಟ್ ಸ್ವಿಚ್ ಲೈನ್‌ಗೆ ಇರಲಿ, ಗಿಟಾರ್‌ಗೂ ಬೇಡ, ಮೈಕ್‌ಗೂ ಬೇಡ. ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಮೈಕ್‌ಗೆ ಕೊಡುವ ವಿದ್ಯುತ್) ಆಫ್.

ಲೆವೆಲ್‌ಗೆ ಸ್ವಲ್ಪ ತಾಳ್ಮೆ ಬೇಕು. ಮಷೀನ್‌ನ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಹಾಡಿನಲ್ಲಿ ಅತಿ ಜೋರಾಗಿರುವ ಭಾಗವನ್ನೇ, ಅಂದರೆ ಕ್ರ್ಯಾಶ್ ಮತ್ತು ಕಿಕ್ ಒಟ್ಟಿಗೆ ಬೀಳುವ ಕಡೆಯನ್ನೇ ನುಡಿಸುತ್ತಾ ರೆಕಾರ್ಡರ್‌ನ ಗೇನ್ (ಒಳಬರುವ ಸಿಗ್ನಲ್ ಅನ್ನು ಹಿಗ್ಗಿಸುವ ಗುಂಡಿ) ನಿಧಾನಕ್ಕೆ ಏರಿಸಿ. ಮೀಟರಿನ ತುದಿ -12ರಿಂದ -6 ಡಿಬಿ ನಡುವೆ ಬಂದರೆ ಸಾಕು. ಡಿಜಿಟಲ್‌ನಲ್ಲಿ 0 ದಾಟಿದ ಸದ್ದು ಕತ್ತರಿಸಿಹೋಗುತ್ತದೆ, ಆಮೇಲೆ ಸರಿಮಾಡಲು ಆಗುವುದಿಲ್ಲ. ಎರಡೂ ಗೇನ್ ಒಂದೇ ಸಮ ಇರಬೇಕು. ಕಿಕ್ ಸರಿಯಾಗಿ ನಡುವಿನಿಂದ ಕೇಳುತ್ತಿದೆಯಾ ನೋಡಿಕೊಳ್ಳಿ, ಪಕ್ಕಕ್ಕೆ ವಾಲಿದ್ದರೆ ಗೇನ್ ಹೆಚ್ಚುಕಮ್ಮಿ ಆಗಿದೆ ಅಂತ ಅರ್ಥ.

ಈಗ ಎರಡು ಟ್ರ್ಯಾಕ್‌ಗಳನ್ನು ರೆಕಾರ್ಡ್‌ಗೆ ಸಿದ್ಧ ಮಾಡಿ. ಒಂದರ ಪ್ಯಾನ್ (ಸದ್ದು ಯಾವ ಕಡೆಯಿಂದ ಕೇಳಬೇಕು ಅಂತ ತಿರುಗಿಸುವ ಗುಂಡಿ) ಪೂರ್ತಿ ಎಡಕ್ಕೆ, ಇನ್ನೊಂದರದ್ದು ಪೂರ್ತಿ ಬಲಕ್ಕೆ. ಎರಡೂ ಮಧ್ಯದಲ್ಲೇ ಇದ್ದರೆ ಇಷ್ಟು ಹೊತ್ತು ಪಟ್ಟ ಶ್ರಮವೆಲ್ಲ ವ್ಯರ್ಥ. ಸ್ಟೀರಿಯೋ ಲಿಂಕ್ ಇದ್ದರೆ ಹಾಕಿಬಿಡಿ, ಒಂದೇ ಫೇಡರ್ ಎರಡನ್ನೂ ನೋಡಿಕೊಳ್ಳುತ್ತದೆ.

ಮಷೀನ್‌ನ ರಿವರ್ಬ್ (ಕೋಣೆಯಲ್ಲಿ ಮೊಳಗುವಂಥ ಗುಂಗು) ಆಫ್ ಮಾಡುವುದು ನನ್ನ ರೂಢಿ. ಅದನ್ನು ಮಿಕ್ಸ್‌ನಲ್ಲಿ ಸೇರಿಸಬಹುದು, ಒಮ್ಮೆ ರೆಕಾರ್ಡ್ ಆದ ಮೇಲೆ ತೆಗೆಯಲಾಗದು. ಹಾಡಿನ ಮೊದಲು ನಾಲ್ಕು ಎಣಿಕೆಯ ಸ್ಟಿಕ್ ಸದ್ದನ್ನೂ ಸೇರಿಸಿಕೊಳ್ಳಿ, ಆಮೇಲೆ ಗಿಟಾರ್ ಹಾಕುವವರಿಗೆ ಎಲ್ಲಿ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ. ಮಷೀನ್ ಮತ್ತು ರೆಕಾರ್ಡರ್ ಜೊತೆಜೊತೆಗೇ ಓಡುವ ಸಿಂಕ್ ವ್ಯವಸ್ಥೆ ಇಲ್ಲದಿದ್ದರೆ ತುಂಡು ತುಂಡಾಗಿ ಬೇಡ, ಪೂರ್ತಿ ಹಾಡನ್ನು ಒಂದೇ ಸಲಕ್ಕೆ ಇಳಿಸಿ.

1979ರಲ್ಲಿ ಬಂದ ಟ್ಯಾಸ್ಕಾಮ್ ಪೋರ್ಟಾಸ್ಟುಡಿಯೋ 144 ಎಂಬ ಕ್ಯಾಸೆಟ್ ರೆಕಾರ್ಡರ್‌ನಲ್ಲಿ ಇದ್ದದ್ದೇ ನಾಲ್ಕು ಟ್ರ್ಯಾಕ್. ಡ್ರಮ್ಸ್‌ಗೇ ಎರಡು ಕೊಟ್ಟರೆ ಅರ್ಧ ಖಾಲಿ! ನಿಮ್ಮದರಲ್ಲಿ ಎಂಟಿದ್ದರೆ ಜಿಪುಣತನ ಬೇಡ.

ಕೊನೆಯ ಕ್ರ್ಯಾಶ್ ಬಿದ್ದ ಕೂಡಲೇ ಸ್ಟಾಪ್ ಒತ್ತಬೇಡಿ. ಸದ್ದು ಪೂರ್ತಿ ಆರುವವರೆಗೂ ಸುಮ್ನೆ ಕಾಯಿರಿ.