ಅಮೆರಿಕದಲ್ಲಿ ಕ್ಯಾಬ್ ಹತ್ತೋಕೆ ಎಲ್ಲಿ ನಿಲ್ಲಬೇಕು? ಹಾಸನದಿಂದ ಹೊರಟವರಿಗೆ

ರಜೆಗೆ ಹಾಸನಕ್ಕೆ ಬಂದಿದ್ದೇನೆ. ಸಾಲಗಾಮೆ ರಸ್ತೆಯ ನಮ್ಮ ಮನೆ ಎದುರಿನ ಆಂಟಿ ಮುಂದಿನ ವಾರ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೊರಟಿದ್ದಾರೆ. ಮಗಳ ಬಾಣಂತನ. "ದೇವಸ್ಥಾನಕ್ಕೆ, ಅಂಗಡಿಗೆ ಅವಳೇ ಫೋನಲ್ಲಿ ಕಾರು ಬುಕ್ ಮಾಡ್ತಾಳಂತೆ. ನಾನು ಹೋಗಿ ಹತ್ತಿದ್ರೆ ಆಯ್ತು, ಅಲ್ವಾ?" ಎಂದು ನಿನ್ನೆ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಮಕ್ಕಳೂ ಓದಲಿ.

ನಮ್ಮೂರಲ್ಲಿ ಆಟೋ ಹೇಗೆ ಬರುತ್ತೆ ನೋಡಿ. ಆಂಟಿ ನನ್ನೆದುರಿಗೇ ಫೋನ್ ಮಾಡಿದರು. "ಎಲ್ಲಿದೀಯಪ್ಪಾ?" "ಎನ್.ಆರ್. ಸರ್ಕಲ್ ಹತ್ರ ಇದೀನಿ ಕಣಕ್ಕ, ನೀವು ಅಲ್ಲೇ ಇರಿ." ಹತ್ತು ನಿಮಿಷಕ್ಕೆ ಆಟೋ ರಸ್ತೆಯ ಆಚೆ ಬದಿಯಲ್ಲಿ ಕಾಣಿಸಿತು. ಆಂಟಿ ಕೈ ಎತ್ತಿದರು. ಆತ ಅಲ್ಲೇ ತಿರುಗಿಸಿಕೊಂಡು ಬಂದು ಅವರ ಕಾಲ ಬುಡದಲ್ಲೇ ನಿಲ್ಲಿಸಿದ. ಇಲ್ಲಿ ಮನುಷ್ಯ ಮನುಷ್ಯನನ್ನು ಹುಡುಕಿಕೊಂಡು ಬರುತ್ತಾನೆ.

ಅಲ್ಲಿ ಡ್ರೈವರ್ ಹುಡುಕುವುದು ಆ್ಯಪ್‌ನಲ್ಲಿರುವ ಪಿನ್ ಅನ್ನು, ಅಂದರೆ ನಾವು ಹತ್ತುವ ಜಾಗಕ್ಕೆ ಮ್ಯಾಪ್‌ನಲ್ಲಿ ಇಟ್ಟ ಗುರುತನ್ನು. ಕಂಡ ಕಂಡಲ್ಲಿ ತಿರುಗಿಸುವ ಹಾಗಿಲ್ಲ, ಕಂಡ ಕಂಡಲ್ಲಿ ನಿಲ್ಲಿಸುವ ಹಾಗೂ ಇಲ್ಲ. ಅದಕ್ಕೇ ಪಿನ್ ಇಡುವಾಗ 'ನಾನು ಎಲ್ಲಿದ್ದೇನೆ' ಅಂತ ನೋಡಿದರೆ ಸಾಲದು. 'ಕಾರು ಎಲ್ಲಿ ನಿಲ್ಲಬಹುದು' ಅಂತ ನೋಡಬೇಕು.

ಇದು ನನಗೆ ಗೊತ್ತಾಗಿದ್ದು ನಮ್ಮಪ್ಪ ಪಟ್ಟ ಕಷ್ಟದಿಂದ. ಅವರು ಮೊದಲ ಸಲ ಅಮೆರಿಕಕ್ಕೆ, ನನ್ನ ಮನೆಗೆ ಬಂದಿದ್ದರು. ನಾನು ಆಫೀಸಿನಿಂದಲೇ ದೇವಸ್ಥಾನಕ್ಕೆ ಕಾರು ಬುಕ್ ಮಾಡಿದೆ. ಅಪಾರ್ಟ್‌ಮೆಂಟಿನ ಹೆಸರು ಹಾಕಿದೆ, ಅಷ್ಟೇ. ಪಿನ್ ಹೋಗಿ ಹಿಂದಿನ ರಸ್ತೆಯಲ್ಲಿ ಕೂತಿತ್ತು. ಅಪ್ಪ ಮುಂದಿನ ಗೇಟಿನಲ್ಲಿ ತೆಂಗಿನಕಾಯಿ ಚೀಲ ಹಿಡಿದು ನಿಂತಿದ್ದರು. ಮಧ್ಯೆ ದಾಟಲಾಗದ ಬೇಲಿ. ಕಾರು ಕಾದು ಹೊರಟುಹೋಯಿತು, ದುಡ್ಡೂ ಕಟ್ ಆಯಿತು. ದುಡ್ಡು ಹೋಗಲಿ. ಎಪ್ಪತ್ತು ದಾಟಿದ ಮನುಷ್ಯ ಅರ್ಧ ಗಂಟೆ ಮಳೆಯಲ್ಲಿ ನಿಂತಿದ್ದರು. ಅವತ್ತಿನಿಂದ ಬರೀ ವಿಳಾಸ ನಂಬುವುದನ್ನು ಬಿಟ್ಟೆ. ಮ್ಯಾಪ್ ದೊಡ್ಡದು ಮಾಡಿ, ಪಿನ್ ಅನ್ನು ಬೆರಳಲ್ಲಿ ಎಳೆದು ಲೀಸಿಂಗ್ ಆಫೀಸಿನ, ಅಂದರೆ ಅಪಾರ್ಟ್‌ಮೆಂಟಿನ ಬಾಡಿಗೆ ವ್ಯವಹಾರ ನೋಡುವ ಆಫೀಸಿನ, ಮುಂದೆ ಇಡುತ್ತೇನೆ. ಅಲ್ಲಿ ಬೋರ್ಡ್ ಇದೆ, ನೆರಳಿದೆ, ಕಾರು ನಿಲ್ಲಲು ಜಾಗವೂ ಇದೆ.

ಕಾಯುವ ಲೆಕ್ಕವೂ ಬಿಗಿ. ಊಬರ್‌ನ ಸಾಮಾನ್ಯ ಕಾರು ಬಂದು 2 ನಿಮಿಷವಾದ ಮೇಲೆ ಕಾಯುವ ಶುಲ್ಕ ಶುರು. 7 ನಿಮಿಷದ ಸುಮಾರಿಗೆ ಡ್ರೈವರ್ ಟ್ರಿಪ್ ರದ್ದು ಮಾಡಿ ಹೋಗಬಹುದು. ಹಾಗಾಗಿ ಚಪ್ಪಲಿ ಹಾಕಿಕೊಂಡು ಕೆಳಗಿಳಿದ ಮೇಲೆ ಬುಕ್ ಮಾಡಿ.

ಇನ್ನು ನಿಲ್ಲುವ ಜಾಗ. ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ಕಾರು ಬಂದು ನಿಲ್ಲುವುದೂ ಬಲಗಡೆ ಫುಟ್‌ಪಾತ್ ಪಕ್ಕ. ನಮ್ಮ ಕಣ್ಣು, ಕಾಲು ಎರಡೂ ಎಡಗಡೆಗೆ ಒಗ್ಗಿವೆ. ಅಪ್ಪ ಅಮ್ಮ ಗೊತ್ತಿಲ್ಲದೇ ಎದುರು ಬದಿಯಲ್ಲಿ ನಿಂತುಬಿಡುತ್ತಾರೆ, ಆಮೇಲೆ ಕಾರು ಕಂಡ ತಕ್ಷಣ ರಸ್ತೆ ದಾಟಲು ಓಡುತ್ತಾರೆ. ದಯವಿಟ್ಟು ಓಡಬೇಡಿ. ಮನೆ ನಂಬರ್ ನೋಡಿದರೆ ಬದಿ ಗೊತ್ತಾಗುತ್ತೆ: ಸಾಮಾನ್ಯವಾಗಿ ಸಮ ಸಂಖ್ಯೆ ಒಂದು ಕಡೆ, ಬೆಸ ಸಂಖ್ಯೆ ಇನ್ನೊಂದು ಕಡೆ. ಹತ್ತುವಾಗ ಫುಟ್‌ಪಾತ್ ಕಡೆಯ ಬಾಗಿಲಿನಿಂದಲೇ ಹತ್ತಿ.

ಫುಟ್‌ಪಾತ್ ಅಂಚಿನ ಕಲ್ಲಿನ ಬಣ್ಣವನ್ನೂ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಕೆಂಪು ಬಳಿದಿದ್ದರೆ ಅಲ್ಲಿ ಗಾಡಿ ನಿಲ್ಲಿಸುವಂತೇ ಇಲ್ಲ. ನೀಲಿ ಅಂಗವಿಕಲರ ಗಾಡಿಗೆ. ನಮಗೆ ಬೇಕಾದದ್ದು ಬಿಳಿ: ಜನ ಹತ್ತಿ ಇಳಿಯುವಷ್ಟು ಹೊತ್ತು ನಿಲ್ಲಲು ಇರುವ ಜಾಗ ಅದು. ಬೆಂಕಿ ಆರಿಸಲು ನೀರು ಎಳೆಯುವ ಗಿಡ್ಡ ಕಂಬ, ಅಂದರೆ ಫೈರ್ ಹೈಡ್ರಂಟ್, ಇದ್ದರೆ ಅದರ 15 ಅಡಿಯೊಳಗೆ ಕಾರು ನಿಲ್ಲಿಸಬಾರದು. ಬಸ್ ಸ್ಟಾಪ್, ಸೈಕಲ್ ಲೇನ್, ಸಿಗ್ನಲ್ ಇರುವ ಮೂಲೆ ಬೇಡ. ಮೂಲೆಯಿಂದ ಸ್ವಲ್ಪ ಒಳಗೆ, ಯಾವುದಾದರೂ ಅಂಗಡಿಯ ಪಾರ್ಕಿಂಗ್‌ನಲ್ಲಿ ನಿಲ್ಲುವುದು ಎಷ್ಟೋ ವಾಸಿ. ನೂರು ಹೆಜ್ಜೆ ಜಾಸ್ತಿ ನಡೆದರೂ ಪರವಾಗಿಲ್ಲ.

ಏರ್‌ಪೋರ್ಟ್‌ಗಳಲ್ಲಿ ಜಾಗ ಅವರೇ ಗೊತ್ತು ಮಾಡಿರುತ್ತಾರೆ. ಲಾಸ್ ಏಂಜಲೀಸ್‌ನಲ್ಲಿ 2019ರ ಅಕ್ಟೋಬರ್‌ನಿಂದ ಊಬರ್ ಮತ್ತು ಅದರಂಥದ್ದೇ ಇನ್ನೊಂದು ಕಂಪನಿ ಲಿಫ್ಟ್‌ನ (Lyft) ಮಾಮೂಲಿ ಕಾರುಗಳಿಗೆ ಟರ್ಮಿನಲ್ 1ರ ಪಕ್ಕ ಪ್ರತ್ಯೇಕ ಜಾಗ ಮಾಡಿದರು. ಬೇರೆ ಟರ್ಮಿನಲ್‌ನಿಂದ ಅಲ್ಲಿಗೆ ಶಟಲ್ ಬಸ್ ಉಚಿತ. ಸಿಯಾಟಲ್‌ನಲ್ಲಿ ಪಾರ್ಕಿಂಗ್ ಕಟ್ಟಡದ 3ನೇ ಮಹಡಿಗೆ ಹೋಗಬೇಕು. ಸೂಟ್‌ಕೇಸ್ ಸಮೇತ ಆ ಜಾಗ ಮುಟ್ಟಿದ ಮೇಲೆ ಬುಕ್ ಮಾಡಿ. ಒಳಗಿನ ವೈಫೈ ಅಲ್ಲಿಯವರೆಗೂ ಬರುತ್ತೆ ಅಂತ ನಂಬಬೇಡಿ, ಸಿಮ್‌ನಲ್ಲಿ ಡೇಟಾ ಇರಲಿ.

ಕೊನೆಯದಾಗಿ ಓಟಿಪಿ. ಇಲ್ಲಿ ನಾಲ್ಕು ಅಂಕಿ ಹೇಳದೆ ಟ್ರಿಪ್ ಶುರುವಾಗಲ್ಲ. ಅಲ್ಲಿ ಎಲ್ಲ ಟ್ರಿಪ್‌ಗೂ ಅದನ್ನು ಕೇಳುವುದಿಲ್ಲ. ಹಾಗಾಗಿ ತಪ್ಪು ಕಾರು ಹತ್ತುವ ಅಪಾಯ ನಿಜ. ಮಕ್ಕಳು ಊಬರ್‌ನ ಸೆಟ್ಟಿಂಗ್‌ನಲ್ಲಿ ಪಿನ್ ಸಂಖ್ಯೆ (ಮ್ಯಾಪಿನ ಪಿನ್ ಅಲ್ಲ, ಓಟಿಪಿಯಂಥ ಅಂಕಿ) ಕೇಳುವ ಆಯ್ಕೆ ಆನ್ ಮಾಡಿಡಿ. ಹಿರಿಯರು ನಂಬರ್ ಪ್ಲೇಟ್ ಓದಿ. ಕೆಲವು ರಾಜ್ಯಗಳಲ್ಲಿ ಪ್ಲೇಟ್ ಹಿಂದೆ ಮಾತ್ರ ಇರುತ್ತೆ, ಆಗ ಒಂದು ಸುತ್ತು ಹೋಗಿ ನೋಡಿ. ನಿಮ್ಮ ಹೆಸರನ್ನು ನೀವಾಗಿ ಹೇಳಬೇಡಿ. ಯಾರನ್ನು ಕರೆದುಕೊಂಡು ಹೋಗೋಕೆ ಬಂದಿದ್ದು ಅಂತ ಕೇಳಿ, ಅವರೇ ಹೇಳಲಿ.

ಇಷ್ಟೆಲ್ಲ ಕೇಳಿದ ಆಂಟಿ ಸುಮ್ನೆ ಕೂರಲಿಲ್ಲ. ರಾತ್ರಿ ಎಂಟಕ್ಕೆ ಮಗಳಿಗೆ ವಿಡಿಯೋ ಕಾಲ್ ಮಾಡಿದರು. ಅಲ್ಲಿ ಬೆಳಗ್ಗೆ. ಅಳಿಯ ಫೋನ್ ಹಿಡಿದು ಕೆಳಗಿಳಿದು ಮನೆ ಮುಂದಿನ ಕಲ್ಲು ತೋರಿಸಿದರು. ಬಾಗಿಲ ಎದುರಿಗೆಲ್ಲ ಕೆಂಪು. ಇಪ್ಪತ್ತು ಹೆಜ್ಜೆ ಆಚೆ, ಅಂಚೆ ಡಬ್ಬಿಗಳ ಪಕ್ಕ, ಬಿಸಿಲಿಗೆ ಮಾಸಿದ ಬಿಳಿ.

"ಆ ಡಬ್ಬಿ ಹತ್ರ ನಿಂತ್ಕೋತೀನಿ, ಪಿನ್ನೂ ಅಲ್ಲೇ ಇಡಮ್ಮ" ಎಂದರು ಮಗಳಿಗೆ.